ಸೈಕಲ್ ಚೈನಿಗೆ ಯಾವ ಎಣ್ಣೆ? ಕೀಲೆಣ್ಣೆಯಿಂದ ಸ್ಪ್ರೇ ಡಬ್ಬಿವರೆಗೆ

ಹೋದ ಸಲ ಸ್ಪ್ರೇಯರ್ ವಾಷರ್ ವಿಚಾರ ಬರೆದಾಗ ಇಬ್ಬರು ಮೂವರು ಕೇಳಿದ್ರು, ರೇಷನ್ ಸೀಮೆಎಣ್ಣೆ ನಿಂತುಹೋಯ್ತಲ್ಲ, ಸೈಕಲ್ ಚೈನ್ ಯಾವುದರಲ್ಲಿ ತೊಳೆಯೋದು ಅಂತ. ಒಂದೇ ಸಾಲಲ್ಲಿ ಹೇಳಿಬಿಡಬಹುದಿತ್ತು. ಆದ್ರೆ ಈ ಎಣ್ಣೆಗಳು ಒಂದೊಂದು ಒಂದೊಂದು ಕೆಲಸಕ್ಕೆ ಅಂತ ಬಂದಿದ್ದು. ಅದು ಗೊತ್ತಿಲ್ಲದೆ ನಾವು ಎಲ್ಲವನ್ನೂ ಎಲ್ಲದಕ್ಕೂ ಹಾಕ್ತಾ ಇದ್ದೀವಿ. ಅದಕ್ಕೇ ಸ್ವಲ್ಪ ಹಿಂದಿನಿಂದ ಹೇಳ್ತೀನಿ.

ಸೈಕಲ್ಲಿಗಿಂತ ಮೊದಲು ನಮ್ಮಲ್ಲಿ ಉರುಳ್ತಾ ಇದ್ದಿದ್ದು ಎತ್ತಿನ ಗಾಡಿ. ಅದರ ಅಚ್ಚಿಗೆ ಕೀಲೆಣ್ಣೆ. ಹರಳೆಣ್ಣೆಗೆ ಹುಲ್ಲು ಸುಟ್ಟ ಕರಿ ಬೂದಿ ಕಲಸಿ ಬಿದಿರಿನ ಕೊಳವೆಗೆ ತುಂಬಿ ಗಾಡಿ ಅಡಿ ನೇತುಹಾಕ್ತಾ ಇದ್ರು ನಮ್ಮ ತಾತ. ಮಂದವಾದ ಎಣ್ಣೆ, ದೊಡ್ಡ ಅಚ್ಚು, ನಿಧಾನ ತಿರುಗೋ ಚಕ್ರ, ಒಂದಕ್ಕೊಂದು ಸರಿಹೋಗ್ತಿತ್ತು. ಹರಳೆಣ್ಣೆಯನ್ನ ಕಡಿಮೆ ಅಂತ ಯಾರೂ ಅನ್ಕೋಬೇಡಿ. ಮೊದಲನೇ ಮಹಾಯುದ್ಧದ ವಿಮಾನದ ಎಂಜಿನ್ನುಗಳಿಗೂ ಅದನ್ನೇ ಹಾಕಿದ್ದು. ಕ್ಯಾಸ್ಟ್ರಾಲ್ ಅನ್ನೋ ಹೆಸರೂ ಕ್ಯಾಸ್ಟರ್, ಅಂದ್ರೆ ಹರಳಿನಿಂದಲೇ ಬಂದಿದ್ದು.

ಸೈಕಲ್ ಹುಟ್ಟಿದಾಗ ಅದಕ್ಕೆ ಚೈನೇ ಇರಲಿಲ್ಲ. 1817ರಲ್ಲಿ ಜರ್ಮನಿಯ ಕಾರ್ಲ್ ಡ್ರೈಸ್ ಮಾಡಿದ ಗಾಡಿಗೆ ಪೆಡಲೂ ಇಲ್ಲ, ಕಾಲಲ್ಲಿ ನೆಲ ಒದ್ದು ಹೋಗಬೇಕು. 1860ರ ದಶಕದಲ್ಲಿ ಪ್ಯಾರಿಸ್ಸಿನಲ್ಲಿ ಮುಂದಿನ ಚಕ್ರಕ್ಕೇ ಪೆಡಲ್ ಕೂರಿಸಿದ್ರು. ಆಮೇಲೆ ಆಳೆತ್ತರದ ಮುಂಚಕ್ರದ ಸೈಕಲ್ ಬಂತು, ಬಿದ್ರೆ ತಲೆಕೆಳಗಾಗಿಯೇ ಬೀಳೋದು. 1885ರಲ್ಲಿ ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ ಜಾನ್ ಕೆಂಪ್ ಸ್ಟಾರ್ಲಿ ಅನ್ನೋರು ರೋವರ್ ಸೈಕಲ್ ತಂದ್ರು. ಎರಡು ಚಕ್ರ ಹತ್ತತ್ರ ಒಂದೇ ಎತ್ತರ, ಪೆಡಲ್ ನಡುವೆ, ಹಿಂದಿನ ಚಕ್ರಕ್ಕೆ ಚೈನು. ನಮ್ಮ ಇವತ್ತಿನ ಸೈಕಲ್ಲಿಗೆ ಅದೇ ಅಜ್ಜ.

ಚೈನಿನದು ಬೇರೆ ದಾರಿ. ಸ್ವಿಟ್ಜರ್ಲೆಂಡಿನಿಂದ ಇಂಗ್ಲೆಂಡಿಗೆ ಹೋಗಿದ್ದ ಹ್ಯಾನ್ಸ್ ರೆನಾಲ್ಡ್ ಅನ್ನೋ ಎಂಜಿನಿಯರು ಮ್ಯಾಂಚೆಸ್ಟರ್ ಪಕ್ಕ ಬಟ್ಟೆ ಗಿರಣಿಗೆ ಚೈನು ಮಾಡೋ ಸಣ್ಣ ಕಾರ್ಖಾನೆ ಕೊಂಡ್ರು. 1880ರಲ್ಲಿ ಬುಷ್ ಮತ್ತು ರೋಲರ್ ಇರೋ ಚೈನ್ ಕಂಡುಹಿಡಿದ್ರು. ಗಿರಣಿ ಚೈನಿನ ವಂಶ ಸೈಕಲ್ಲಿಗೆ ಬಂದಿದ್ದು ಹೀಗೆ. ಒಂದು ಕೊಂಡಿ ಬಿಚ್ಚಿ ನೋಡಿ: ನಡುವೆ ಪಿನ್ನು, ಅದರ ಮೇಲೆ ಬುಷ್, ಬುಷ್ ಮೇಲೆ ಉರುಳೋ ರೋಲರ್, ಎರಡೂ ಕಡೆ ತಗಡಿನ ಪ್ಲೇಟು. ಸವೆಯೋದು ಪಿನ್ನು ಮತ್ತು ಬುಷ್ ನಡುವೆ, ಕಣ್ಣಿಗೆ ಕಾಣದ ಜಾಗದಲ್ಲಿ. ನಾವು ಎಣ್ಣೆ ಸುರಿಯೋದು ಮಾತ್ರ ಹೊರಗೆ, ಪ್ಲೇಟಿನ ಮೇಲೆ! ಅಲ್ಲಿ ಅದು ಧೂಳು ಹಿಡಿಯೋದು ಬಿಟ್ಟು ಬೇರೇನೂ ಮಾಡಲ್ಲ.

ಗಿರಣಿ ಒಳಗೆ ಮಣ್ಣಿಲ್ಲ, ರಸ್ತೆ ತುಂಬ ಅದೇ. ಹಾಗಾಗಿ ಚೈನು ಬಂದ ದಿನದಿಂದಲೇ ತೊಳೆಯೋ ಗೋಳು ಶುರು. ದೀಪದ ಸೀಮೆಎಣ್ಣೆಯಲ್ಲಿ ನೆನೆಸಿ ತೊಳೆಯೋರು, ಆಮೇಲೆ ಕರಗಿಸಿದ ಕೊಬ್ಬಿಗೆ ಗ್ರಾಫೈಟ್ ಪುಡಿ, ಅಂದ್ರೆ ಪೆನ್ಸಿಲ್ ಕಡ್ಡಿಯ ಕಪ್ಪು, ಕಲಸಿ ಅದರಲ್ಲಿ ಅದ್ದೋರು. ನಮ್ಮ ಕೀಲೆಣ್ಣೆಗೂ ಇದಕ್ಕೂ ಸಂಬಂಧ ಇಲ್ಲ, ಆದ್ರೂ ಎಷ್ಟು ಹತ್ತಿರ ನೋಡಿ. ವುಲ್ವರ್‌ಹ್ಯಾಂಪ್ಟನ್ನಿನ ಜಾನ್ ಮಾರ್ಸ್ಟನ್ ಇನ್ನೊಂದು ದಾರಿ ಹಿಡಿದ್ರು. ಅವರ ಸನ್‌ಬೀಮ್ ಸೈಕಲ್ಲಲ್ಲಿ ಚೈನು ಪೂರ್ತಿ ತಗಡಿನ ಪೆಟ್ಟಿಗೆ ಒಳಗೆ, ಎಣ್ಣೆಯಲ್ಲೇ ಓಡ್ತಿತ್ತು. ನಮ್ಮ ಹಳೇ ಸೈಕಲ್ಲುಗಳ ಫುಲ್ ಚೈನ್ ಕವರ್ ಅದೇ ಜಾತಿ, ಎಣ್ಣೆ ಒಂದಿಲ್ಲ ಅಷ್ಟೆ. ಸದ್ದು ಮಾಡುತ್ತೆ ಅಂತ ಅದನ್ನ ಕಿತ್ತು ಅಟ್ಟಕ್ಕೆ ಹಾಕೋರನ್ನ ಕಂಡ್ರೆ ನನಗೆ ಸಂಕಟ. ನಮ್ಮ ಮಣ್ಣು ರಸ್ತೆಗೆ ಅದಕ್ಕಿಂತ ಒಳ್ಳೇ ಭಾಗ ಸೈಕಲ್ಲಲ್ಲಿ ಇನ್ನೊಂದಿಲ್ಲ.

1894ರಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ ಜಾರ್ಜ್ ಕೋಲ್ ಅನ್ನೋರು ಸೈಕಲ್ಲಿಗೆ ಅಂತಲೇ ತೆಳು ಎಣ್ಣೆ ಮಾಡಿದ್ರು. ಕೊಳೆ ಬಿಡಿಸುತ್ತೆ, ನುಣುಪು ಕೊಡುತ್ತೆ, ತುಕ್ಕು ತಡೆಯುತ್ತೆ, ಅದಕ್ಕೇ 'ತ್ರೀ ಇನ್ ಒನ್' ಅಂತ ಹೆಸರು. ನಾವು ಹೊಲಿಗೆ ಮಿಷನ್ ಎಣ್ಣೆ ಅಂತೀವಲ್ಲ, ಆ ಥರದ್ದು.

ನಮ್ಮ ದೇಶದಲ್ಲಿ ಮೊದಲು ಬಂದಿದ್ದು ಹೆಚ್ಚಾಗಿ ವಿಲಾಯಿತಿ ಸೈಕಲ್ಲೇ. ಸ್ವಾತಂತ್ರ್ಯ ಬಂದ ಮೇಲೆ 1949ರಲ್ಲಿ ಮದ್ರಾಸಿನಲ್ಲಿ ಟಿ.ಐ. ಸೈಕಲ್ಸ್, 1951ರಲ್ಲಿ ಸೋನಿಪತ್‌ನಲ್ಲಿ ಅಟ್ಲಾಸ್, 1956ರಲ್ಲಿ ಲೂಧಿಯಾನದಲ್ಲಿ ಹೀರೋ. ಸೈಕಲ್ ಹಳ್ಳಿಗೆ ಬಂತು, ಜೊತೆಗೆ ಸೈಕಲ್ ಶಾಪು, ಶಾಪಿನ ಮುಂದೆ ಸೀಮೆಎಣ್ಣೆ ಬೋಗುಣಿ. ಪೂರ್ತಿ ಬಿಚ್ಚಿ ತೊಳೆದು ಕೂರಿಸೋದಕ್ಕೆ ಇಂಗ್ಲಿಷಿನಲ್ಲಿ ಓವರ್‌ಹಾಲಿಂಗ್ ಅಂತಾರೆ. ನಮ್ಮೋರ ಬಾಯಲ್ಲಿ ಅದು 'ಓರಾಯಿಲಿಂಗ್' ಆಯ್ತು. ಆಯಿಲ್ ಹಾಕೋದೇ ಕೆಲಸ ಅಂತ ಜನ ತಿಳಿದಿದ್ದು ಅಲ್ಲಿಂದಲೇ ಇರಬೇಕು!

ಈಗಿನದು ಸ್ಪ್ರೇ ಡಬ್ಬಿ ಕಾಲ. ಡಬ್ಲ್ಯೂಡಿ-40 ಹುಟ್ಟಿದ್ದು 1953ರಲ್ಲಿ, ಕ್ಷಿಪಣಿಯ ಲೋಹಕ್ಕೆ ತುಕ್ಕು ಹಿಡಿಯದ ಹಾಗೆ ನೀರು ಓಡಿಸೋಕೆ. ಹಿಡಿದ ನಟ್ಟು ಬಿಡಿಸೋಕೆ ಚೆನ್ನಾಗಿದೆ. ಮಾಮೂಲಿ ನೀಲಿ ಹಳದಿ ಡಬ್ಬಿಯನ್ನ ಚೈನಿಗೆ ಹೊಡೆದು ಬಿಟ್ರೆ ಒಳಗಿದ್ದ ಎಣ್ಣೆಯೂ ತೊಳೆದುಹೋಗುತ್ತೆ, ಅದರದ್ದು ಹೆಚ್ಚು ದಿನ ನಿಲ್ಲಲ್ಲ.

ಈಗ ಕೇಳಿದ್ದಕ್ಕೆ ಉತ್ತರ. ತೊಳೆಯೋದು ಬೇರೆ, ಎಣ್ಣೆ ಹಾಕೋದು ಬೇರೆ. ತೊಳೆಯೋಕೆ ಸೀಮೆಎಣ್ಣೆ ಇಲ್ಲದಿದ್ರೆ ಸ್ವಲ್ಪ ಡೀಸೆಲ್, ಅಥವಾ ಅಂಗಡಿಯ ಡಿಗ್ರೀಸರ್, ಏನೂ ಬೇಡ ಅಂದ್ರೆ ಬಿಸಿನೀರು ಮತ್ತೆ ಪಾತ್ರೆ ಸೋಪು. ಹಳೇ ಹಲ್ಲುಜ್ಜೋ ಬ್ರಷ್ ಸಾಕು. ಬೀಡಿ ಸೇದ್ತಾ ಕೂರಬೇಡಿ. ಬಿಸಿಲಲ್ಲಿ ಪೂರ್ತಿ ಒಣಗಿಸಿ. ಆಮೇಲೆ ಮಿಷನ್ ಎಣ್ಣೆ ಅಥವಾ ಹೊಸ ಎಂಜಿನ್ ಆಯಿಲ್, ರೋಲರಿಗೆ ಒಂದೊಂದೇ ಹನಿ, ಪೆಡಲ್ ಹಿಂದಕ್ಕೆ ತಿರುಗಿಸಿ, ಹೊರಗಿನದನ್ನ ಬಟ್ಟೆಯಲ್ಲಿ ಒರೆಸಿಬಿಡಿ. ಟ್ರ್ಯಾಕ್ಟರಿನ ಸುಟ್ಟ ಆಯಿಲ್ ಬೇಡ, ಅದರಲ್ಲಿ ಮಸಿ, ಕಬ್ಬಿಣದ ಪುಡಿ ಇರುತ್ತೆ. ಅಡುಗೆ ಎಣ್ಣೆ ಕ್ರಮೇಣ ಅಂಟಾಗುತ್ತೆ. ರಿಮ್ಮಿಗೂ ಬ್ರೇಕ್ ಕಟ್ಟೆಗೂ ಹನಿ ಕೂಡ ತಾಗಬಾರದು.

ಚೈನು ಸವೆದಿದೆಯಾ ಅಂತ ಟೇಪಿನಲ್ಲೇ ನೋಡಬಹುದು. ಒಂದು ಪಿನ್ನಿನ ನಡುವಿನಿಂದ 24 ಕೊಂಡಿ ಎಣಿಸಿದ್ರೆ ಸರಿಯಾಗಿ 12 ಅಂಗುಲ ಬರಬೇಕು. ಅಂಗುಲದ ಎಂಟನೇ ಒಂದು ಪಾಲು ಜಾಸ್ತಿ ಬಂದ್ರೆ ಚೈನು ಬದಲಾಯಿಸಿ. ಇಲ್ಲಾಂದ್ರೆ ಫ್ರೀ ವೀಲಿನ ಹಲ್ಲನ್ನೂ ತಿನ್ನುತ್ತೆ. ಹಿಂದೆ ಹಾಲಿನ ಕ್ಯಾನ್ ಕಟ್ಟಿಕೊಂಡು ಏರು ತುಳಿಯುವಾಗ ಹಲ್ಲು ಜಾರಿದ್ರೆ ಹಾಲೂ ಹೋಯ್ತು, ಮೊಣಕಾಲೂ ಹೋಯ್ತು.

ತೊಳೆದ ಡೀಸೆಲ್ಲನ್ನ ಕಾಲುವೆಗೆ ಚೆಲ್ಲಬೇಡಿ. ಬಾಟಲಿಗೆ ಹಾಕಿ ಮುಚ್ಚಿಟ್ರೆ ಮಡ್ಡಿ ತಳಕ್ಕೆ ಇಳಿಯುತ್ತೆ, ಮೇಲಿನ ತಿಳಿ ಮುಂದಿನ ಸಲಕ್ಕಾಗುತ್ತೆ. ಯಾರ ಮನೆ ಅಟ್ಟದಲ್ಲಾದ್ರೂ ಹಳೇ ಕೀಲೆಣ್ಣೆ ಬಿದಿರು ಉಳಿದಿದ್ರೆ ಫೋಟೋ ಹಾಕಿ, ನಮ್ಮನೇದು ಗೆದ್ದಲು ತಿಂತು.