ತಟ್ಟೆ ಹೋಟೆಲಿನದು, ಕಟ್ಟೆ ಊರಿನದು

ಜಯನಗರದಲ್ಲೋ ಜೆ.ಪಿ. ನಗರದಲ್ಲೋ ಹೊಸ ಹೋಟೆಲೊಂದು ಬಾಗಿಲು ತೆರೆದರೆ ಅದನ್ನು ಮಾಲೀಕನ ಸಾಹಸವೆಂದೇ ಎಣಿಸುವುದು ವಾಡಿಕೆ. ಬಂಡವಾಳ ಅವನದು, ಸಾಲ ಅವನದು, ನಸುಕಿಗೇ ಎದ್ದು ಹಿಟ್ಟು ಹುದುಗು ಬಂದಿದೆಯೇ ಎಂದು ನೋಡುವ ಕಣ್ಣೂ ಅವನದು. ಹೀಗಿರುವಾಗ ತಿಂಡಿ ವ್ಯಾಪಾರದಲ್ಲಿ ಸರ್ಕಾರದ ದುಡ್ಡಿಗೇನು ಕೆಲಸ ಎಂಬ ಮಾತು ಸಹಜವಾಗಿಯೇ ಬರುತ್ತದೆ. 2017ರಲ್ಲಿ ಇಂದಿರಾ ಕ್ಯಾಂಟೀನ್ ಶುರುವಾದಾಗ ಅದು ಜೋರಾಗಿಯೇ ಕೇಳಿಬಂತು. ಆದರೆ ದಕ್ಷಿಣ ಬೆಂಗಳೂರಿನ ಹೋಟೆಲುಗಳ ಚರಿತ್ರೆಯನ್ನು ಹಿಂದಕ್ಕೆ ಹಿಡಿದುಕೊಂಡು ಹೋದರೆ ಊರಿನ ಸೊತ್ತು ಆ ವ್ಯಾಪಾರದೊಳಗೆ ಬಹಳ ಹಿಂದಿನಿಂದಲೂ ಸೇರಿಕೊಂಡಿರುವುದು ಕಾಣುತ್ತದೆ. ರಶೀದಿ ಇಲ್ಲದ್ದರಿಂದ ಲೆಕ್ಕಕ್ಕೆ ಸಿಕ್ಕಿಲ್ಲ, ಅಷ್ಟೆ. ಸರ್ಕಾರ ಜಾಗಕ್ಕೆ, ಬೀದಿಗೆ, ತಿನ್ನುವವನಿಗೆ ಕೊಟ್ಟಾಗ ಈ ಉದ್ಯಮ ಬೆಳೆದಿದೆ, ಅಡುಗೆಮನೆಯೊಳಗೆ ಕೈಹಾಕಿದಾಗ ಮುದುಡಿದೆ ಎಂಬುದು ನನ್ನ ವಾದ.

ಇದಕ್ಕೆ ಎದುರಾಗುವ ಮೊದಲ ಮಾತು ಹಳೆಯ ಹೋಟೆಲುಗಳದ್ದು. ಕರಾವಳಿಯಿಂದ ಬಂದ ಮಯ್ಯ ಸೋದರರು 1924ರಲ್ಲಿ ಕಟ್ಟಿದ ಎಂ.ಟಿ.ಆರ್. ಆಗಲಿ, 1943ರಲ್ಲಿ ಗಾಂಧಿ ಬಜಾರಿನಲ್ಲಿ ಶುರುವಾದ ವಿದ್ಯಾರ್ಥಿ ಭವನವಾಗಲಿ ಯಾವ ಸಬ್ಸಿಡಿಯನ್ನೂ ಕಂಡವಲ್ಲ. ನಿಜ. ಅವುಗಳ ಹಿಂದಿದ್ದದ್ದು ಊರು ಬಿಟ್ಟುಬಂದ ಅಡುಗೆಯವರ ದುಡಿಮೆ ಮತ್ತು ನೆಂಟರಿಷ್ಟರ ನಂಬಿಕೆ. ಆ ಕಾಲದಲ್ಲಿ ಸರ್ಕಾರ ಹೋಟೆಲಿಗೆ ಎದುರಾದದ್ದು ಬಹುಪಾಲು ಅಭಾವದ ರೂಪದಲ್ಲಿ. ಎರಡನೇ ಮಹಾಯುದ್ಧದಲ್ಲಿ ಅಕ್ಕಿ ಸಾಲದಾದಾಗ ಎಂ.ಟಿ.ಆರ್.ನಲ್ಲಿ ರವೆ ಇಡ್ಲಿ ಹುಟ್ಟಿತು ಎನ್ನುತ್ತಾರೆ. ತುರ್ತು ಪರಿಸ್ಥಿತಿಯ ದಿನಗಳದ್ದು ಇನ್ನೂ ಕಠಿಣ ಪಾಠ. ಆಗ ತಿಂಡಿಯ ದರವನ್ನು ಮೇಲಿನಿಂದಲೇ ಇಳಿಸಿ ಗೊತ್ತುಮಾಡಲಾಯಿತು. ಎಂ.ಟಿ.ಆರ್.ನವರು ಗುಣಮಟ್ಟ ಇಳಿಸಲು ಒಪ್ಪದೆ, ಆಯಾ ದಿನದ ನಷ್ಟವನ್ನು ಬೋರ್ಡಿನ ಮೇಲೆ ಬರೆದು ಗಿರಾಕಿಗಳ ಕಣ್ಣಿಗೆ ಬೀಳುವಂತೆ ಇಡುತ್ತಿದ್ದರೆಂಬುದು ಹೋಟೆಲಿನವರ ನಡುವೆ ಇಂದಿಗೂ ಉಳಿದಿರುವ ಕಥೆ. ಕೊನೆಗೆ ಹೋಟೆಲನ್ನೇ ಮುಚ್ಚಿ, ಕೆಲಸಗಾರರನ್ನು ಉಳಿಸಿಕೊಳ್ಳಲು ಸಿದ್ಧ ಮಿಶ್ರಣ, ಸಾರಿನ ಪುಡಿಗಳ ವ್ಯಾಪಾರಕ್ಕೆ ಇಳಿದರು. ಆ ಪೊಟ್ಟಣಗಳ ಕಂಪನಿಯನ್ನು 2007ರಲ್ಲಿ ನಾರ್ವೆಯ ಓರ್ಕ್ಲಾ ಕೊಂಡಿತು. ಅಂದ ಮಾತ್ರಕ್ಕೆ ದರ ನಿಯಂತ್ರಣ ಒಳ್ಳೆಯದನ್ನೇ ಮಾಡಿತು ಅನ್ನಲಾಗದು. ಮಯ್ಯರಿಗೆ ಇನ್ನೊಂದು ದಾರಿ ಕಂಡಿತು. ಬೇರೆ ದಾರಿ ಕಾಣದ ಸಣ್ಣ ಹೋಟೆಲಿನವನ ಪಾಡನ್ನು ಯಾರೂ ಬರೆದಿಡುವುದಿಲ್ಲ.

ಬಸವನಗುಡಿಯನ್ನು ದಾಟಿ ದಕ್ಷಿಣಕ್ಕೆ ಬಂದರೆ ಕಥೆ ಬದಲಾಗುತ್ತದೆ. ನಗರಾಭಿವೃದ್ಧಿಗೆಂದು 1945ರಲ್ಲಿ ಟ್ರಸ್ಟ್ ಬೋರ್ಡ್ ರಚನೆಯಾಯಿತು. 1948ರಲ್ಲಿ ಗವರ್ನರ್ ಜನರಲ್ ಸಿ. ರಾಜಗೋಪಾಲಾಚಾರಿ ಅವರಿಂದ ಜಯನಗರಕ್ಕೆ ಶಂಕುಸ್ಥಾಪನೆ ಆಯಿತು. ಅದರ ನೆನಪಿಗೆ ಅಶೋಕ ಪಿಲ್ಲರ್ ಈಗಲೂ ನಿಂತಿದೆ. ಭೈರಸಂದ್ರ, ಯಡಿಯೂರು, ಕನಕನಪಾಳ್ಯಗಳಂಥ ಹಳ್ಳಿಗಳ ಸುತ್ತ ಬ್ಲಾಕುಗಳು ಎದ್ದವು. ರೈತರ ಜಮೀನು ಸರ್ಕಾರದ ಅಧಿಕಾರದ ಬಲದಿಂದ ಸೈಟುಗಳಾಯಿತು, ಸೈಟುಗಳ ನಡುವೆ ಅಗಲದ ರಸ್ತೆ, ಸಾಲುಮರ, ಪಾರ್ಕು, ಅಂಗಡಿಗಳಿಗೆ ಮೀಸಲಾದ ಜಾಗ ಬಂದವು. ನಾಲ್ಕನೇ ಬ್ಲಾಕಿನ ಕಾಂಪ್ಲೆಕ್ಸ್ ಈ ಯೋಜನೆಯ ಕಳಶ: ಅಂಗಡಿ, ತರಕಾರಿ ಮಾರುಕಟ್ಟೆ, ಬಸ್ ನಿಲ್ದಾಣ ಎಲ್ಲವೂ ಒತ್ತೊತ್ತಿಗೆ, ಜತೆಗೆ ಪುಟ್ಟಣ್ಣ ಕಣಗಾಲರ ಹೆಸರಿನ ಚಿತ್ರಮಂದಿರ ಬೇರೆ (ಅದು ಈಗಿಲ್ಲ). ಅಲ್ಲಿಗೆ ಬಂದವರು ಬರಿಗೈಯಲ್ಲಿ ಹೋದರೂ ಬರಿಹೊಟ್ಟೆಯಲ್ಲಿ ಹೋಗಲಿಲ್ಲ. ಡಾ. ಎಂ.ಎಚ್. ಮರಿಗೌಡರು 1959ರಲ್ಲಿ ಬೆಳೆಗಾರರಿಗಾಗಿ ಕಟ್ಟಿದ ಸಹಕಾರ ಸಂಘ ಮುಂದೆ ಹಾಪ್‌ಕಾಮ್ಸ್ ಆಗಿ ರಸ್ತೆ ಬದಿಯಲ್ಲಿ ಮಳಿಗೆ ಇಟ್ಟದ್ದೂ ಇಂಥದೇ ನೆರವಿನ ಬಗೆ. ಹಾಗೆ ನೋಡಿದರೆ ಇಲ್ಲಿಯ ವ್ಯಾಪಾರಕ್ಕೆ ಮೊದಲ ಸಬ್ಸಿಡಿ ಕೊಟ್ಟವನು ಜಮೀನು ಕಳೆದುಕೊಂಡ ರೈತ.

ಈ ನೆಲದ ಮೇಲೆಯೇ 1983ರಲ್ಲಿ ಆರ್. ಪ್ರಭಾಕರ್ ಜಯನಗರದಲ್ಲಿ ‘ಕೆಫೆ ದರ್ಶಿನಿ’ ತೆರೆದರು. ಆ ಕಲ್ಪನೆಯ ಜಾಣ್ಮೆ ಅವರದೇ, ಅದನ್ನು ಯಾರೂ ಕಸಿಯಬೇಕಿಲ್ಲ. ಮೊದಲು ದುಡ್ಡು ಕೊಟ್ಟು ಚೀಟಿ ತೆಗೆದುಕೊ, ಕೌಂಟರಿನಲ್ಲಿ ಕೊಟ್ಟು ಇಡ್ಲಿ ಪಡೆ, ನಿಂತೇ ತಿನ್ನು, ತಟ್ಟೆಯನ್ನು ಟಬ್ಬಿಗೆ ಹಾಕಿ ನಡೆ. ಸಪ್ಲೈಯರ್ ಇಲ್ಲ, ಕುರ್ಚಿ ಇಲ್ಲ, ಆದ್ದರಿಂದ ಜಾಗ ಬೇಕಾದದ್ದು ಕಡಿಮೆ, ಗಿರಾಕಿ ನಿಲ್ಲುವ ಹೊತ್ತೂ ಕಡಿಮೆ. ಮಧ್ಯಮ ವರ್ಗದ ಶುಚಿಯ ಕಲ್ಪನೆಗೂ ಜೇಬಿಗೂ ಏಕಕಾಲಕ್ಕೆ ಒಗ್ಗಿದ ಈ ಪದ್ಧತಿ ಎಷ್ಟು ಹಬ್ಬಿತೆಂದರೆ ಒಂದು ಹೋಟೆಲಿನ ಹೆಸರು ಇಡೀ ಜಾತಿಯ ಹೆಸರಾಯಿತು. ಆದರೆ ಬೆಳಗ್ಗೆ ಎಂಟಕ್ಕೆ ಯಾವುದೇ ದರ್ಶಿನಿಯ ಮುಂದೆ ನಿಂತು ನೋಡಿ: ಒಳಗೆ ಹತ್ತು ಜನ ಇದ್ದರೆ ಹೊರಗೆ ಇಪ್ಪತ್ತು ಜನ. ಕಾಫಿ ಲೋಟ ಮರದ ಕಟ್ಟೆಯ ಮೇಲೆ, ಸ್ಕೂಟರ್ ರಸ್ತೆಯ ಅಂಚಿನಲ್ಲಿ, ಹರಟೆ ಫುಟ್‌ಪಾತಿನಲ್ಲಿ. ದರ್ಶಿನಿಯ ಊಟದ ಹಾಲಿನ ಅರ್ಧ ಭಾಗ ನಗರಪಾಲಿಕೆಯದು, ಅದಕ್ಕೆ ಬಾಡಿಗೆ ಇಲ್ಲ. ಅಗಲ ರಸ್ತೆಯೂ ಮರದ ನೆರಳೂ ಇಲ್ಲದ ಗಲ್ಲಿಯಲ್ಲಿ ಆ ಕಡಿಮೆ ಬೆಲೆಯ ಲೆಕ್ಕ ಕೂಡುತ್ತಿರಲಿಲ್ಲ. ಇದು ದೂರಲ್ಲ, ಫುಟ್‌ಪಾತಿಗೆ ಇಷ್ಟು ಸಂತೋಷದ ಉಪಯೋಗ ಬೇರೆ ಸಿಗುವುದು ಕಷ್ಟ. ಇಬ್ಬರೂ ಊರಿನ ಜಾಗದಲ್ಲೇ ವ್ಯಾಪಾರ ಮಾಡುತ್ತಿರುವಾಗ, ಬದಿಯಲ್ಲಿ ಗಾಡಿ ನಿಲ್ಲಿಸುವ ದೋಸೆಯವನನ್ನು ಮಾತ್ರ ಒತ್ತುವರಿದಾರ ಅನ್ನುವಾಗ ನಾಲಿಗೆ ಸ್ವಲ್ಪ ತಡವರಿಸಬೇಕು.

ಇಂದಿರಾ ಕ್ಯಾಂಟೀನಿಗೆ ಬರೋಣ. ಚೆನ್ನೈನಲ್ಲಿ 2013ರಿಂದ ನಡೆಯುತ್ತಿದ್ದ ಅಮ್ಮ ಉಣವಗಂ ಮಾದರಿಯಲ್ಲಿ ಸಿದ್ದರಾಮಯ್ಯನವರ ಸರ್ಕಾರ 198 ವಾರ್ಡುಗಳಿಗೂ ಇದನ್ನು ಯೋಜಿಸಿತು. 2017ರ ಆಗಸ್ಟ್ 16ರಂದು ಜಯನಗರದ ಕನಕನಪಾಳ್ಯದಲ್ಲಿ ಉದ್ಘಾಟನೆ. ತಿಂಡಿಗೆ 5 ರೂಪಾಯಿ, ಊಟಕ್ಕೆ 10. ತೆರಿಗೆ ಕಟ್ಟಿ, ಬಾಡಿಗೆ ಕೊಟ್ಟು ನಡೆಸುವವನು 5 ರೂಪಾಯಿಯ ಇಡ್ಲಿಯ ಎದುರು ಹೇಗೆ ನಿಲ್ಲಬೇಕು ಎಂಬ ಹೋಟೆಲಿನವರ ಪ್ರಶ್ನೆ ನ್ಯಾಯವಾದದ್ದೇ. ಆದರೆ ಮೂರು ಹೊತ್ತಿಗೆ 25 ರೂಪಾಯಿಯ ಊಟ ಹುಡುಕಿಬರುವ ಕಟ್ಟಡ ಕೆಲಸದವರು, ಆಟೋ ಚಾಲಕರು, ಪೌರಕಾರ್ಮಿಕರು ದರ್ಶಿನಿಗೆ ದಿನವೂ ಬರುತ್ತಿದ್ದ ಗಿರಾಕಿಗಳಲ್ಲ. ಪೆಟ್ಟು ಬಿದ್ದದ್ದಿದ್ದರೆ ಅದು ತಳ್ಳುಗಾಡಿಯವರಿಗೆ, ಅವರ ಪರವಾಗಿ ಮಾತಾಡಿದವರು ಕಡಿಮೆ. ಹಣ ಗುತ್ತಿಗೆದಾರರ ಕೈ ಸೇರುತ್ತದೆ ಎಂಬ ಆಕ್ಷೇಪವೂ ಸುಳ್ಳಲ್ಲ; ಬಿಲ್ ಬಾಕಿ ಉಳಿದು ಕೆಲವೆಡೆ ಒಲೆ ಆರಿದ್ದುಂಟು. ತಮಾಷೆಯೆಂದರೆ, ದರ್ಶಿನಿಗೆ ಶತ್ರುವೆಂದು ಕೆಲವರು ಕಂಡ ಈ ಕ್ಯಾಂಟೀನ್ ದರ್ಶಿನಿಯ ಪಡಿಯಚ್ಚು: ಅದೇ ಚೀಟಿ, ಅದೇ ಕೌಂಟರ್, ಅದೇ ನಿಂತು ತಿನ್ನುವ ಮೇಜು. ಸರ್ಕಾರ ಹೋಟೆಲು ನಡೆಸಿದ್ದೂ ಹೊಸತಲ್ಲ. ಕಾಫಿ ಬೆಳೆಗಾರರಿಗೆ ದೇಶದೊಳಗೆ ಮಾರುಕಟ್ಟೆ ಒದಗಿಸಲು ಸೆಸ್ ಹಣದಿಂದ 1936ರಲ್ಲಿ ಶುರುವಾದ ಕಾಫಿ ಹೌಸುಗಳನ್ನು ಕಾಫಿ ಮಂಡಳಿ ಕೈಬಿಟ್ಟಾಗ, ಕೆಲಸಗಾರರು ಸಹಕಾರ ಸಂಘ ಕಟ್ಟಿಕೊಂಡರು. ಅಂಥ ಮೊದಲ ಸಂಘ ಹುಟ್ಟಿದ್ದು 1957ರಲ್ಲಿ ಬೆಂಗಳೂರಿನಲ್ಲಿಯೇ.

ಆ ಸಂಘದ ಕಾಫಿ ಹೌಸ್ ಎಂ.ಜಿ. ರಸ್ತೆಯ ಹಳೆಯ ಜಾಗವನ್ನು 2009ರಲ್ಲಿ ಬಿಟ್ಟು ಚರ್ಚ್ ಸ್ಟ್ರೀಟಿಗೆ ಹೋಗಬೇಕಾಯಿತು. ನನ್ನ ವಾದಕ್ಕೆ ನಿಜವಾದ ಸವಾಲು ಇರುವುದು ಇಲ್ಲಿ, ಜಾಗದ ಒಡೆತನದಲ್ಲಿ. ಬೀದಿಗೆ ಸುರಿದ ಹಣ ಬೀದಿಯಲ್ಲೇ ಉಳಿಯುವುದಿಲ್ಲ, ಬಾಡಿಗೆಯಾಗಿ ಕಟ್ಟಡದ ಮಾಲೀಕನ ಮನೆಗೆ ಹರಿಯುತ್ತದೆ. 2017ರ ಜೂನಿನಲ್ಲಿ ಜಯನಗರ, ಬನಶಂಕರಿ, ಜೆ.ಪಿ. ನಗರಗಳಿಗೆ ಮೆಟ್ರೊ ಬಂತು. ಸಾರ್ವಜನಿಕ ಹಣದ ಈ ಹಳಿ ಗಿರಾಕಿಯನ್ನು ತಂದು ಬಾಗಿಲಲ್ಲಿ ಇಳಿಸಿದರೆ, ಮುಂದಿನ ಕರಾರಿನಲ್ಲಿ ಅದರ ಬೆಲೆಯನ್ನು ಕಟ್ಟಡದವನು ವಸೂಲು ಮಾಡುತ್ತಾನೆ. ಗಾಂಧಿ ಬಜಾರಿನ ಫುಟ್‌ಪಾತು ಅಗಲಿಸುವ ಕಾಮಗಾರಿಯಲ್ಲಿ ಧೂಳು ಕುಡಿದವರು ಹೂವು ಹಣ್ಣು ಮಾರುವವರು. ಈ ಹರಿವನ್ನು ಪೂರ್ತಿ ತಡೆಯುವ ಉಪಾಯ ನನಗೆ ಕಾಣದು. ಆದರೆ ಜಯನಗರದ ಕಾಂಪ್ಲೆಕ್ಸಿನಂಥ ಜಾಗಗಳಲ್ಲಿ ಕಟ್ಟಡದವನು ಬೇರೆ ಯಾರೂ ಅಲ್ಲ, ಊರೇ. ಅಲ್ಲಿ ಎಲ್ಲ ಮಳಿಗೆಯನ್ನೂ ಹೆಚ್ಚು ಕೂಗಿದವನಿಗೆ ಹರಾಜು ಹಾಕಿದರೆ ಗೆಲ್ಲುವುದು ಹತ್ತು ಊರಿನಲ್ಲಿ ಶಾಖೆಯಿರುವ ಬ್ರ್ಯಾಂಡು. ನಾಲ್ಕು ಮಳಿಗೆಗಳನ್ನು ಹರಾಜಿನಿಂದ ಹೊರಗಿಟ್ಟು, ಮೂರೋ ಐದೋ ವರ್ಷದ ಅವಧಿಗೆ, ಒಳಬಾಡಿಗೆಗೆ ಕೊಡಕೂಡದೆಂಬ ಷರತ್ತಿನೊಂದಿಗೆ, ಮೊದಲ ಸಲ ಒಲೆ ಹಚ್ಚುವವನಿಗೆ ಕೊಟ್ಟು ನೋಡಲು ಹೊಸ ಯೋಜನೆಯೇನೂ ಬೇಕಿಲ್ಲ. ಟೆಂಡರ್ ಪತ್ರದಲ್ಲಿ ಎರಡು ಸಾಲು ಸೇರಿಸಿದರೆ ಆಯಿತು.