ಬ್ಯಾಂಕಿನ ಗೋಡೆ, ಮುರಕಲ್ಲಿನ ಮನೆ

ಬ್ಯಾಂಕು ಎಂದೊಡನೆ ಇಂದು ನಿಮ್ಮ ಕಣ್ಣ ಮುಂದೆ ಬರುವುದು ಗಾಜಿನ ಬಾಗಿಲು, ಹವಾನಿಯಂತ್ರಕ, ಎಟಿಎಂ. ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಹಾಗಿರಲಿಲ್ಲ. ಹಣ ಇಡಲು ಬಂದವನಿಗೆ ನಂಬಿಕೆ ಹುಟ್ಟಬೇಕಾದರೆ ಕಟ್ಟಡವೇ ಗಟ್ಟಿಯಾಗಿ ಕಾಣಬೇಕಿತ್ತು. ಚೆನ್ನೈಗೆ ಹೋದಾಗ ಬಂದರಿನ ಬಳಿಯ ರಾಜಾಜಿ ಸಾಲೆಯಲ್ಲಿರುವ ಭಾರತೀಯ ಸ್ಟೇಟ್ ಬ್ಯಾಂಕಿನ ಕೆಂಪು ಕಟ್ಟಡವನ್ನು ನೋಡಿ. ನಾನು ಹೇಳುವುದು ಆಗ ಅರ್ಥವಾಗುತ್ತದೆ.

1843ರಲ್ಲಿ ಸ್ಥಾಪನೆಯಾದ ಬ್ಯಾಂಕ್ ಆಫ್ ಮದ್ರಾಸಿಗಾಗಿ ಕಟ್ಟಿದ, 1897ರ ಕಟ್ಟಡ ಅದು. ಆ ಬ್ಯಾಂಕು 1921ರಲ್ಲಿ ಇಂಪೀರಿಯಲ್ ಬ್ಯಾಂಕಿನಲ್ಲಿ ಸೇರಿತು. ಇಂಪೀರಿಯಲ್ ಬ್ಯಾಂಕು 1955ರಲ್ಲಿ ಸ್ಟೇಟ್ ಬ್ಯಾಂಕ್ ಆಯಿತು. ನಾವುಂದದವನಾದ ನನಗೆ ಇದು ದೂರದ ಕಥೆಯೇನಲ್ಲ; 1956ರವರೆಗೆ ನಮ್ಮ ಜಿಲ್ಲೆ ಮದ್ರಾಸಿಗೇ ಸೇರಿತ್ತು. ವಿನ್ಯಾಸ ಹೆನ್ರಿ ಇರ್ವಿನ್‌ನದು. ಕಮಾನು, ಗುಮ್ಮಟಗಳ ಇಂಡೋ-ಸಾರಸೆನಿಕ್ ಶೈಲಿ. ಅದೇ 1897ರಲ್ಲಿ ಮೈಸೂರಿನ ಹಳೆಯ ಮರದ ಅರಮನೆ ಸುಟ್ಟುಹೋದಾಗ, ಹೊಸ ಅರಮನೆಯನ್ನು ರೂಪಿಸಲು ಕರೆಸಿದ್ದೂ ಇದೇ ಇರ್ವಿನ್‌ನನ್ನು. ಬ್ಯಾಂಕನ್ನು ಕಟ್ಟಿದ ಗುತ್ತಿಗೆದಾರರು ನಂಬೆರುಮಾಳ್ ಚೆಟ್ಟಿ. ಗಣಿತದ ಅಧ್ಯಾಪಕರಿಗೆ ಒಂದು ಮಾತು: 1920ರಲ್ಲಿ ಶ್ರೀನಿವಾಸ ರಾಮಾನುಜನ್ ತಮ್ಮ ಕೊನೆಯ ದಿನಗಳನ್ನು ಕಳೆದದ್ದು ಚೆಟ್‌ಪಟ್‌ನಲ್ಲಿದ್ದ ಈ ಚೆಟ್ಟಿಯವರ ಮನೆಯಲ್ಲಿ.

ಗುಮ್ಮಟಗಳ ಬಗ್ಗೆ ಬರೆಯುವವರು ಬಹಳ ಮಂದಿ ಇದ್ದಾರೆ. ನಾನು ಗೋಡೆಯ ಬಗ್ಗೆ ಬರೆಯುತ್ತೇನೆ.

ಅಂಥ ಕಟ್ಟಡಗಳಲ್ಲಿ ಒಂದೂವರೆ ಅಡಿ, ಅಂದರೆ ಸುಮಾರು 45 ಸೆಂ.ಮೀ. ದಪ್ಪದ ಇಟ್ಟಿಗೆ ಗೋಡೆ ಸಾಮಾನ್ಯ. ಇದು ಕಳ್ಳರ ಭಯಕ್ಕೆ ಮಾತ್ರವೇ? ಹಗಲು ಬಿಸಿಯಾಗಿ ರಾತ್ರಿ ತಣಿಯುವ ಹೊರಮೈಯಿಂದ ಉಷ್ಣದ ಅಲೆಯೊಂದು ಗೋಡೆಯೊಳಕ್ಕೆ ಸಾಗುತ್ತದೆ. ಇಟ್ಟಿಗೆಯಲ್ಲಿ ಪ್ರತಿ 12 ಸೆಂ.ಮೀ.ಗೆ ಈ ಅಲೆಯ ಪಾರ ಶೇಕಡ 37ಕ್ಕೆ ಇಳಿಯುತ್ತದೆ, ಮತ್ತು ಅಲೆ ಸುಮಾರು 4 ಗಂಟೆ ಹಿಂದೆ ಬೀಳುತ್ತದೆ. 45 ಸೆಂ.ಮೀ. ದಾಟುವ ಹೊತ್ತಿಗೆ ಉಳಿಯುವುದು ಶೇಕಡ 2ರಷ್ಟು ಮಾತ್ರ. ಅದೂ ಒಳಗೆ ತಲಪುವುದು 14-15 ಗಂಟೆ ತಡವಾಗಿ! ಮಧ್ಯಾಹ್ನ ಎರಡರ ಬಿಸಿಲು ಒಳಮೈಗೆ ಬರುವಾಗ ಮರುದಿನ ಬೆಳಗಿನ ಜಾವ; ಬ್ಯಾಂಕಿನಲ್ಲಿ ಯಾರೂ ಇರುವುದಿಲ್ಲ. ಕಿಟಕಿ, ಛಾವಣಿಗಳನ್ನು ಬಿಟ್ಟು ಮಾಡಿದ ಲೆಕ್ಕವಿದು, ನಿಜ. ಆದರೂ ನಿಮ್ಮ ವಿದ್ಯಾರ್ಥಿಗಳು ಒಮ್ಮೆ ಮಾಡಿ ನೋಡಲಿ.

ಇಟ್ಟಿಗೆಗಳ ನಡುವಿನ ಗಾರೆ ಇದಕ್ಕಿಂತಲೂ ಕುತೂಹಲಕರ. ಭಾರತದಲ್ಲಿ ಸಿಮೆಂಟ್ ತಯಾರಿಸುವ ಮೊದಲ ಪ್ರಯತ್ನ ಮದ್ರಾಸಿನಲ್ಲಿ ನಡೆದದ್ದು 1904ರಲ್ಲಿ. ಉದ್ಯಮವಾಗಿ ಅದು ನೆಲೆ ನಿಂತದ್ದು 1914ರಲ್ಲಿ, ಪೋರಬಂದರಿನಲ್ಲಿ. 1897ರ ಮೇಸ್ತ್ರಿಗೆ ಗಾರೆಯೆಂದರೆ ಸುಣ್ಣವೇ. ಸುಣ್ಣದ ಕಲ್ಲನ್ನೋ ಚಿಪ್ಪನ್ನೋ ಸುಮಾರು 900 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಟ್ಟಾಗ 100 ಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟಿನಿಂದ 44 ಗ್ರಾಂ ಕಾರ್ಬನ್ ಡೈಆಕ್ಸೈಡ್ ಹಾರಿಹೋಗಿ 56 ಗ್ರಾಂ ಸುಟ್ಟ ಸುಣ್ಣ ಉಳಿಯುತ್ತದೆ. ನೀರು ಹೊಯ್ದರೆ ಅದು ಕುದಿದು ಅರಳುತ್ತದೆ. ಗೋಡೆ ಸೇರಿದ ಅರಳಿದ ಸುಣ್ಣ, ಕಳೆದುಕೊಂಡ ಅನಿಲವನ್ನು ಗಾಳಿಯಿಂದ ನಿಧಾನವಾಗಿ ಮರಳಿ ಪಡೆದು ಮತ್ತೆ ಕಲ್ಲಾಗುತ್ತದೆ. ಆದರೆ ಇದು ರಂಧ್ರಗಳುಳ್ಳ ಮೆತ್ತನೆಯ ಕಲ್ಲು. ಗೋಡೆ ಕುಡಿದ ನೀರು ಅದರ ಮೂಲಕವೇ ಆವಿಯಾಗಿ ಹೊರಬೀಳುತ್ತದೆ. ಗೋಡೆ ತುಸು ಕದಲಿದರೆ ಗಾರೆ ಬಾಗಿಕೊಡುತ್ತದೆ. ಕೂದಲೆಳೆಯಂಥ ಬಿರುಕುಗಳಲ್ಲಿ, ಮಳೆನೀರಿನಲ್ಲಿ ಕರಗಿದ ಸುಣ್ಣವೇ ಹರಳುಗಟ್ಟಿ ತೇಪೆ ಹಾಕುವುದೂ ಉಂಟು.

2014ರ ಜುಲೈಯಲ್ಲಿ ಆ ಬ್ಯಾಂಕಿಗೆ ಬೆಂಕಿ ಬಿದ್ದು ಮೇಲಂತಸ್ತು ಹಾನಿಗೊಂಡಿತು. ಹಳೆಯ ಕಟ್ಟಡಕ್ಕೆ ನಿಜವಾದ ಗಂಡಾಂತರ ಬರುವುದು ಬೆಂಕಿ ಆರಿದ ಮೇಲೆ, ದುರಸ್ತಿಯ ವೇಳೆಯಲ್ಲಿ ಎಂಬುದು ನನ್ನ ಅಭಿಪ್ರಾಯ. ಸುಣ್ಣದ ಗೋಡೆಗೆ ಸಿಮೆಂಟಿನ ಗಿಲಾವು ಮೆತ್ತಿದರೆ ನೀರು ಒಳಗೇ ಸಿಕ್ಕಿಬೀಳುತ್ತದೆ. ಅದರಲ್ಲಿ ಕರಗಿದ ಉಪ್ಪು ಗಿಲಾವಿನ ಹಿಂದೆಯೇ ಹರಳುಗಟ್ಟುತ್ತದೆ. ರಂಧ್ರದೊಳಗೆ ಬೆಳೆಯುವ ಹರಳಿನ ಒತ್ತಡಕ್ಕೆ ಇಟ್ಟಿಗೆಯೂ ಪುಡಿಯಾಗುತ್ತದೆ. ಹೊರಗಿನಿಂದ ನೋಡಿದರೆ ಗೋಡೆ ನುಣ್ಣಗೆ, ಹೊಸದಾಗಿ ಕಾಣುತ್ತಿರುತ್ತದೆ.

ನಮ್ಮ ಸೀಮೆಯ ಬ್ಯಾಂಕುಗಳಿಗೆ ಇಂಥ ಗುಮ್ಮಟಗಳು ಬೇಕಾಗಿರಲಿಲ್ಲ. 1906ರ ಮಾರ್ಚ್ 12ರಂದು ಹಾಜಿ ಅಬ್ದುಲ್ಲಾ ಸಾಹೇಬರು ಉಡುಪಿಯಲ್ಲಿ ಆರಂಭಿಸಿದ, ಮುಂದೆ ಕಾರ್ಪೊರೇಷನ್ ಬ್ಯಾಂಕ್ ಎನಿಸಿದ ಸಂಸ್ಥೆಯ ಮೂಲ ಬಂಡವಾಳ 5,000 ರೂಪಾಯಿ. ಮೊದಲ ದಿನದ ಸಂಗ್ರಹ 38 ರೂಪಾಯಿ 13 ಆಣೆ 2 ಪೈ. ಅದೇ ವರ್ಷದ ಅಕ್ಟೋಬರಿನಲ್ಲಿ ಮದ್ರಾಸಿನ ಪ್ರತಿಷ್ಠಿತ ಅರ್ಬತ್‌ನಾಟ್ ಕಂಪನಿ ದಿವಾಳಿಯೆದ್ದಿತು! ಉಡುಪಿಯ ಬ್ಯಾಂಕು 2020ರಲ್ಲಿ ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾಯಿತು. ಅದಕ್ಕೆ ಮೊದಲೇ ಅದು ಸ್ಥಾಪಕರ ಮನೆಯನ್ನು ಉಳಿಸಿ ನಾಣ್ಯಗಳ ಸಂಗ್ರಹಾಲಯವನ್ನಾಗಿ ಮಾಡಿತ್ತು. ವಿದ್ಯಾರ್ಥಿಗಳನ್ನು ಅಲ್ಲಿಗೆ ಕರೆದೊಯ್ದರೆ ನಾಣ್ಯಗಳ ಜೊತೆಗೆ ಮನೆಯನ್ನೂ ನೋಡಲು ಹೇಳಿ.

ಕರಾವಳಿಯ ಹಳೆಯ ಮನೆಗಳ ಗೋಡೆ ಮುರಕಲ್ಲಿನದು. 1801ರಲ್ಲಿ ನಮ್ಮ ಕರಾವಳಿಯನ್ನು ಹಾದುಹೋದ ಫ್ರಾನ್ಸಿಸ್ ಬುಕಾನನ್ 1807ರ ತನ್ನ ಪ್ರವಾಸಗ್ರಂಥದಲ್ಲಿ ಈ ಕಲ್ಲಿಗೆ ‘ಲ್ಯಾಟರೈಟ್’ ಎಂದು ಹೆಸರಿಟ್ಟ. ಲ್ಯಾಟಿನ್ನಿನಲ್ಲಿ ‘ಲೇಟರ್’ ಎಂದರೆ ಇಟ್ಟಿಗೆ. ಮೈಯೆಲ್ಲ ತೂತಿನ ಈ ಕಲ್ಲು ಇಟ್ಟಿಗೆಗಿಂತಲೂ ಹೆಚ್ಚು ನೀರು ಕುಡಿಯಬಲ್ಲುದು.

ಇದೆಲ್ಲ ಗೊತ್ತಿದ್ದೂ ನಾನೇ ತಪ್ಪಿದೆ. ನಾವುಂದದ ನಮ್ಮ ಹಳೆಯ ಮನೆಯ ಪಡುಗೋಡೆಗೆ, ಕಡಲ ಗಾಳಿಯಿಂದ ರಕ್ಷಣೆಯಾಗಲೆಂದು ಸಿಮೆಂಟಿನ ಗಿಲಾವು ಮಾಡಿಸಿದೆ. ಮೇಸ್ತ್ರಿ ಬೇಡವೆನ್ನಲಿಲ್ಲ, ನಾನೂ ಯೋಚಿಸಲಿಲ್ಲ. ಮೂರು ಮಳೆಗಾಲ ಕಳೆದಾಗ ಗಿಲಾವು ಹಲಗೆಯಂತೆ ಕಳಚಿ ಬಿತ್ತು. ಅದರ ಹಿಂದೆ, ನನ್ನ ಅಜ್ಜ ನೋಡಿದ ಮುರಕಲ್ಲು ಬೆರಳು ತಾಗಿಸಿದರೆ ಉದುರುವಂತಿತ್ತು.

ಉಳಿದ ಸಿಮೆಂಟನ್ನು ಕೆತ್ತಿಸಿ, ಒಂದು ಬೇಸಿಗೆ ಗೋಡೆಯನ್ನು ಒಣಗಲು ಬಿಟ್ಟು, ಚಿಪ್ಪಿನ ಸುಣ್ಣದ ಗಾರೆಯನ್ನು ತೆಳ್ಳನೆಯ ಪದರಗಳಲ್ಲಿ ಹಾಕಿಸಿದ್ದಾಯಿತು. ಕೆಲವು ತಿಂಗಳ ಬಳಿಕ ಮೂಲೆಯಿಂದ ಒಂದು ಚೂರು ತೆಗೆದು, ಹೊಸದಾಗಿ ಮುರಿದ ಮೈಗೆ ಫಿನಾಲ್ಫ್ತಲೀನ್ ಹನಿಸಿದೆ. ಗಾಳಿ ತಾಗಿದ ಅಂಚಿನಲ್ಲಿ ಬಣ್ಣವೇ ಬರಲಿಲ್ಲ. ನಡುವೆ ಮಾತ್ರ ಗಾಢ ಗುಲಾಬಿ. ಅಷ್ಟು ಭಾಗ ಇನ್ನೂ ಕಲ್ಲಾಗಬೇಕಿದೆ.