ಒಂದು ಶೀಸೆಯ ವಂಶಾವಳಿ

ತಂದೆಯಿಂದ ಮಗನಿಗೆ ಬರತಕ್ಕ ಸ್ವತ್ತುಗಳಲ್ಲಿ ಹೊಲ, ಮನೆ ಮುಂತಾದವುಗಳ ಪೂರ್ವಚರಿತ್ರೆಯನ್ನು ಪತ್ರಗಳು ಹೇಳುತ್ತವೆ. ಮದ್ಯದ ಶೀಸೆಗೆ ಅಂತಹ ಪತ್ರವಿಲ್ಲ. ಮೇಲೆ ಅಂಟಿಸಿದ ಚೀಟಿ, ಕೊಟ್ಟವರ ಮಾತು, ಇವೆರಡೇ ಸಾಕ್ಷಿ. ಈ ಸಾಕ್ಷಿಯನ್ನು ಎಷ್ಟರಮಟ್ಟಿಗೆ ನಂಬಬಹುದೆಂಬ ಪ್ರಶ್ನೆಯು ಅಮೇರಿಕಾ ಸಂಯುಕ್ತ ಸಂಸ್ಥಾನದ ‘ಓಲ್ಡ್ ಇಂಗಲ್‌ಡ್ಯೂ’ ಎಂಬ ವಿಸ್ಕಿಯ ಶೀಸೆಯೊಂದರ ವಿಷಯದಲ್ಲಿ ಚೆನ್ನಾಗಿ ವಿಚಾರಣೆಗೆ ಬಂದಿತು.

ಜಾರ್ಜಿಯಾ ಪ್ರಾಂತದ ಲಾಗ್ರೇಂಜ್ ಪಟ್ಟಣದ ಇವಾನ್ಸ್ ಮತ್ತು ರಾಗ್ಲಂಡ್ ಎಂಬ ವರ್ತಕರು ಇದನ್ನು ಶೀಸೆಗೆ ತುಂಬಿದರು. ಅನಂತರ ಇದು ನ್ಯೂಯಾರ್ಕಿನ ಪ್ರಸಿದ್ಧ ಸಾಹುಕಾರನಾದ ಜಾನ್ ಪಿಯರ್‌ಪಾಂಟ್ ಮಾರ್ಗನ್ನನ ನೆಲಮಾಳಿಗೆಯನ್ನು ಸೇರಿತು. ಮಾರ್ಗನ್ನನು 1913ರಲ್ಲಿ ರೋಮ್ ನಗರದಲ್ಲಿ ಕಾಲವಾದನು. ಅವನ ಹೆಸರನ್ನೇ ಹೊತ್ತು, ಜ್ಯಾಕ್ ಎಂದು ಕರೆಯಲ್ಪಡುತ್ತಿದ್ದ ಮಗನು ಉತ್ತರಾಧಿಕಾರಿಯಾದನು. ತಂದೆಯು ಕೂಡಿಸಿದ್ದ ಪುಸ್ತಕಭಾಂಡಾರವನ್ನು ಜ್ಯಾಕನು 1924ರಲ್ಲಿ ಸಾರ್ವಜನಿಕರಿಗೆ ಒಪ್ಪಿಸಿದನು. ನೆಲಮಾಳಿಗೆಯ ಸಂಗ್ರಹವು ಮಾತ್ರ ಮನೆಯಲ್ಲಿಯೇ ಉಳಿಯಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅವನು ಈ ವಿಸ್ಕಿಯ ಮೂರು ಶೀಸೆಗಳನ್ನು ರೂಸ್‌ವೆಲ್ಟ್, ಟ್ರೂಮನ್, ಜೇಮ್ಸ್ ಬರ್ನ್ಸ್ ಎಂಬ ಮೂವರು ರಾಜಕಾರಣಿಗಳಿಗೆ ಕಾಣಿಕೆಯಾಗಿ ಕೊಟ್ಟನೆಂದು ಹೇಳುತ್ತಾರೆ. ಬರ್ನ್ಸನು 1951ರಿಂದ 1955ರವರೆಗೆ ದಕ್ಷಿಣ ಕ್ಯಾರೊಲೈನಾ ಪ್ರಾಂತದ ಗವರ್ನರನಾಗಿದ್ದು, ತರುವಾಯ ತನ್ನ ಶೀಸೆಯನ್ನು ನೆರೆಮನೆಯ ನೌಕಾಧಿಕಾರಿಗೆ ಕೊಟ್ಟನು. ಆ ಮನೆಯವರು ಸ್ಕಾಟ್ಲೆಂಡಿನ ವಿಸ್ಕಿಯ ಹೊರತು ಬೇರೊಂದನ್ನು ಮುಟ್ಟುವವರಲ್ಲವಂತೆ! ಆದಕಾರಣ ಮೂರು ತಲೆಮಾರು ಕಳೆದರೂ ಬಿರಡೆಯನ್ನು ತೆಗೆಯುವ ಪ್ರಸಂಗವೇ ಬರಲಿಲ್ಲ. ಬೇಯಿಸಿದ ಅನ್ನ, ಬಾವಿಯ ನೀರು ಮೊದಲಾದವುಗಳನ್ನು ನಮ್ಮ ಸ್ಮೃತಿಕಾರರು ಅವಿಭಾಜ್ಯವೆಂದು ಎಣಿಸಿದ್ದಾರೆ; ಮುದ್ರೆಯೊಡೆಯದ ಶೀಸೆಯನ್ನೂ ಅದೇ ಸಾಲಿಗೆ ಸೇರಿಸಬಹುದು. ದಾಯಾದಿಗಳು ಹಂಚಿಕೊಂಡರೆ ಕುಡಿಯುವುದಕ್ಕೆ ದೊರೆಯುವುದೇ ಹೊರತು ಬೆಲೆಯು ನಿಲ್ಲದು.

ಶೀಸೆಯ ಹಿಂಬದಿಯ ಚೀಟಿಯ ತಾತ್ಪರ್ಯವಿಷ್ಟು: ಇದು ಪ್ರಾಯಶಃ 1865ಕ್ಕೆ ಹಿಂದೆ ತಯಾರಾದುದು, ಮಾರ್ಗನ್ನನ ನೆಲಮಾಳಿಗೆಯಲ್ಲಿದ್ದು, ಅವನ ಮರಣಾನಂತರ ಅವನ ಆಸ್ತಿಯಿಂದ ಪಡೆದುದು. ಇದನ್ನು ಬರೆದುದು 1913ರ ಈಚೆಗೆ ಎಂಬುದು ಅದರ ಮಾತಿನಿಂದಲೇ ಸ್ಪಷ್ಟ. ಅರ್ಧ ಶತಮಾನದ ಹಿಂದಿನ ಸಂಗತಿಗೆ ಅಂತಹ ಬರಹವು ಪ್ರತ್ಯಕ್ಷಸಾಕ್ಷಿಯಾಗಲಾರದು. ಬರೆದವನು ‘ಪ್ರಾಯಶಃ’ ಎಂದುದು ಅವನ ಪ್ರಾಮಾಣಿಕತೆ.

ಆದುದರಿಂದ ಶೀಸೆಯು ಹರಾಜಿಗೆ ಬಂದಾಗ ವಿಜ್ಞಾನಿಗಳ ಮೊರೆಹೊಕ್ಕರು. ಪೈರು ಬದುಕಿರುವವರೆಗೆ ಗಾಳಿಯಿಂದ ಇಂಗಾಲವನ್ನು ಹೀರುತ್ತದೆ. ಕೊಯ್ದ ಮೇಲೆ ಆ ಇಂಗಾಲದ ವಿಕಿರಣಶೀಲ ಭಾಗವು ಸುಮಾರು 5730 ವರ್ಷಗಳಿಗೆ ಅರ್ಧವಾಗುವಂತೆ ಕುಗ್ಗುತ್ತ ಬರುತ್ತದೆ. ಬಿರಡೆಯ ಮೂಲಕ ಸೂಜಿಯನ್ನು ಚುಚ್ಚಿ ತೆಗೆದ ಸ್ವಲ್ಪ ದ್ರವವನ್ನು ಪರೀಕ್ಷಿಸಲಾಗಿ, ಅದರ ಧಾನ್ಯವು 1763ರಿಂದ 1803ರ ನಡುವಿನದಾಗಿರುವ ಸಂಭವವೇ ಹೆಚ್ಚೆಂದು ತಿಳಿಯಿತು. ಚೀಟಿಯು ಹೇಳಿದ್ದು ಸುಳ್ಳಾಗಲಿಲ್ಲ, ಕಡಿಮೆಯಾಯಿತು! ಅಷ್ಟು ಕಾಲ ಮರದ ಪೀಪಾಯಿಯಲ್ಲಿದ್ದರೆ ಮದ್ಯವು ಆವಿಯಾಗಿ ಹೋಗುತ್ತಿತ್ತು. ಆದ್ದರಿಂದ ದೊಡ್ಡ ಗಾಜಿನ ಜಾಡಿಗಳಲ್ಲಿ ಇರಿಸಿ, 1860ರ ದಶಕದಲ್ಲಿ ಶೀಸೆಗೆ ತುಂಬಿರಬೇಕೆಂಬ ಊಹೆಯಿದೆ. ಆದರೆ ಆ ಶತಮಾನಗಳ ವಿಷಯದಲ್ಲಿ ಈ ಗಣನೆಯು ಖಚಿತವಾದ ಒಂದು ವರ್ಷವನ್ನು ತೋರಿಸಲಾರದು. ‘ಸಂಭವ’ವೆಂಬ ಶಬ್ದವನ್ನು ಓದುಗರು ಮರೆಯಬಾರದು. ಗಾಜಿನೊಳಗೆ ವಿಸ್ಕಿಯು ಪಕ್ವವಾಗುವುದಿಲ್ಲವಾದ್ದರಿಂದ ರುಚಿಗೂ ಈ ವಯಸ್ಸಿಗೂ ಸಂಬಂಧವಿಲ್ಲ.

ಇಂತಹ ಪರೀಕ್ಷೆಯು ಎಲ್ಲ ಮನೆಗಳಿಗೂ ಶುಭವಾರ್ತೆಯನ್ನು ತರುವುದಿಲ್ಲ. 2018ರಲ್ಲಿ ಸ್ಕಾಟ್ಲೆಂಡಿನ ಒಂದು ಪ್ರಯೋಗಶಾಲೆಯಲ್ಲಿ ಅಪರೂಪದವೆನಿಸಿದ 55 ಶೀಸೆಗಳನ್ನು ಶೋಧಿಸಲು, 21 ಶೀಸೆಗಳು ನಕಲಿಯೆಂದೋ ಹೇಳಿದ ವರ್ಷದವಲ್ಲವೆಂದೋ ಕಂಡುಬಂದುವು. 1950ರ ದಶಕದಿಂದ ಅಣುಬಾಂಬುಗಳ ಸ್ಫೋಟದಿಂದ ವಾಯುವಿನಲ್ಲಿ ಹೆಚ್ಚಿದ ವಿಕಿರಣಶೀಲ ಇಂಗಾಲವು ಈಚಿನ ಧಾನ್ಯವನ್ನು ಕೂಡಲೇ ತೋರಿಸಿಕೊಡುತ್ತದೆ.

ಇಂಗಲ್‌ಡ್ಯೂ ಶೀಸೆಗೆ ಹರಾಜಿನವರು 20,000ದಿಂದ 40,000 ಡಾಲರುಗಳನ್ನು ಅಂದಾಜು ಮಾಡಿದ್ದರು. 2021ರ ಜೂನ್ ತಿಂಗಳಲ್ಲಿ ಅದು 1,37,500 ಡಾಲರಿಗೆ ಮಾರಾಟವಾಯಿತು. ಕೊಂಡವರು ಮಾರ್ಗನ್ ಪುಸ್ತಕಭಾಂಡಾರದವರೆಂದು ವರ್ತಮಾನ ಪತ್ರಗಳು ಪ್ರಕಟಿಸಿದುವು.